ತೊಳೆಯಬಾರದ ನಿಲುವಂಗಿ

ಮಾರ್ಚ್ ಹನ್ನೆರಡು, ಬೆಳಿಗ್ಗೆ 9.40. ಹಳೆಯ ವಿಶ್ವವಿದ್ಯಾಲಯದ ಊರು ಕೊಯಿಂಬ್ರಾದ ಮೇಲ್ಪೇಟೆ ಠಾಣೆಗೆ ದೂರು ತಂದವನು ಲೇಖಕ ಟೆಲ್ಮು ವರೆಜಾವ್ ಸ್ಮಾರಕದ ನಿರ್ದೇಶಕ ಲಿಯೊಕಾದಿಯು. ತೀರಿಹೋದ ಲೇಖಕ ವಿದ್ಯಾರ್ಥಿಯಾಗಿದ್ದಾಗ ಹೊದೆಯುತ್ತಿದ್ದ ಕರಿಯ ನಿಲುವಂಗಿ ಕಳುವಾಗಿತ್ತು.

"ಕಾಲೇಜು ಹುಡುಗರದೇ ಕೆಲಸ ಸಾರ್. ರಸ್ತೆ ಫಲಕಗಳನ್ನೇ ಕಿತ್ತೊಯ್ಯೋ ಪುಂಡರು."

ಇನ್ಸ್‌ಪೆಕ್ಟರ್ ಸರ್ಮೆಂತು ಎಫ್‌ಐಆರ್ ಬರೆಸಿ, ಕಾನ್‌ಸ್ಟೆಬಲ್ ಜುಲ್ಮಿರಾಳೊಂದಿಗೆ ಹೊರಟರು. ಈ ಊರಿನಲ್ಲಿ ವರೆಜಾವ್ ಮಲಗಿದ್ದ ಮನೆಗಳಿಗೆಲ್ಲ ಫಲಕ, ಕೂತಿದ್ದ ಕಾಫಿಯಂಗಡಿಗೆ ಫಲಕ, ಕುಡಿದು ವಾಂತಿ ಮಾಡಿದ ಮೆಟ್ಟಿಲಿಗೂ ಒಂದು ಫಲಕ. ಸರ್ಮೆಂತುಗೆ ಇದೆಲ್ಲ ಹೇಸಿಗೆ.

10.30ಕ್ಕೆ ಸ್ಮಾರಕದಲ್ಲಿ ಪಂಚನಾಮೆ. ಬೀಗ ಮುರಿದಿಲ್ಲ, ಮರದ ಗೂಟ ಖಾಲಿ. ಗೋಡೆಯ ತುಂಬ ಫೋಟೊಗಳು: ನಿಲುವಂಗಿಯ ಹರುಕಿಗೆ ಬೆರಳು ತೂರಿಸಿ ಹಲ್ಲು ಕಿರಿದ ಪ್ರವಾಸಿಗರು.

"ಯಾರು ಹರಿದದ್ದು?"

"ಪ್ರೇಯಸಿ ಸಾರ್, ವಿದ್ಯಾರ್ಥಿಯ ನಿಲುವಂಗಿಯನ್ನ ಪ್ರೀತಿಸಿದವಳು ಹರಿಯೋ ಪದ್ಧತಿಯಂತೆ, ನಡುಮಧ್ಯೆ. ಆಗ ಅವರು ಬಾಡಿಗೆಗಿದ್ದ ಈ ಮನೆಯ ಅಡುಗೆಯವಳು ಇಲ್ಡಾ. ಬೆರಳಿಟ್ಟರೆ ಪ್ರೀತಿ ಫಲಿಸುತ್ತೆ ಅಂತ ಹೇಳ್ತೀವಿ. ಜನಕ್ಕೆ ಬಲು ಇಷ್ಟ."

ಹಿತ್ತಿಲಿನಿಂದ ಜುಲ್ಮಿರಾ ಕೂಗಿದಳು. ಒಗೆಯುವ ತೊಟ್ಟಿಯಲ್ಲಿ ಕಪ್ಪು ನೀರು, ಸೋಪಿನ ತುಂಡು.

"ಹುಡುಗರಲ್ಲ ಬಿಡಿ ಸಾರ್. ನಿಲುವಂಗಿ ತೊಳೆದ್ರೆ ಕಾಲೇಜಿನ ನೆನಪೂ ತೊಳೆದುಹೋಗುತ್ತೆ ಅಂತ ಅವರು ನಂಬ್ತಾರೆ. ನನ್ನ ತಮ್ಮಂದು ನಾಲ್ಕು ವರ್ಷದಿಂದ ಗಬ್ಬು ನಾರ್ತಿದೆ, ಅಮ್ಮನಿಗೂ ಮುಟ್ಟೋಕೆ ಬಿಡಲ್ಲ."

"ಹಾಗಾದ್ರೆ ನೆನಪು ಬೇಡವಾದವರು ಯಾರೋ." ಸರ್ಮೆಂತು ನಿರ್ದೇಶಕನತ್ತ ತಿರುಗಿದರು. "ಕೀಲಿ ಯಾರ ಹತ್ರ?"

"ನನ್ನ ಹತ್ರ. ಆಮೇಲೆ... ಕಸ ಗುಡಿಸೋ ಎತೆಲ್ವಿನಾ ಹತ್ರ."

12.15ಕ್ಕೆ ನದಿಯಾಚೆ ಎತೆಲ್ವಿನಾಳ ಮನೆ. ಅಂಗಳದ ಹಗ್ಗದ ಮೇಲೆ ನಿಲುವಂಗಿ ರಾಜಾರೋಷವಾಗಿ ಒಣಗುತ್ತಿತ್ತು. ಎಪ್ಪತ್ತರ ಮುದುಕಿ ಅದರ ಹರುಕನ್ನು ಒತ್ತೊತ್ತಾಗಿ ಹೊಲಿದಿದ್ದಳು.

"ತಂದದ್ದು ನೀವೇನಾ ಅಜ್ಜಿ?"

"ಹೂಂ. ಇಲ್ಡಾ ನಮ್ಮಕ್ಕ. ಅದು ಪ್ರೀತಿಲಿ ಹರಿದದ್ದಲ್ಲಪ್ಪ, ಅವನಿಂದ ಬಿಡಿಸಿಕೊಳ್ಳೋಕೆ ಪರಚಿದ್ದು. ಸಾಯೋವರೆಗೂ ಅಕ್ಕ ಆ ಬೀದಿಗೆ ಕಾಲಿಡಲಿಲ್ಲ. ಅದರೊಳಗೆ ಬೆರಳು ಹಾಕಿ ಕಿಸಿಯೋರ ಹಿಂದೆ ನಾನು ದಿನಾ ನೆಲ ಒರೆಸಬೇಕಿತ್ತು."

"ನಿರ್ದೇಶಕರಿಗೆ ಹೇಳಿದ್ರಾ?"

"ಮೂರು ಸಲ. ಕತೆ ಚೆನ್ನಾಗಿ ಓಡ್ತಿದೆ, ಸುಮ್ನಿರು ಅಂದ."

1.05ಕ್ಕೆ ಬಂಧನ. ಕೈಕೋಳ ಹಾಕಲಿಲ್ಲ. ಠಾಣೆಯಲ್ಲಿ ಲಿಯೊಕಾದಿಯು ಹೊಲಿಗೆಯ ಮೇಲೆ ಉಗುರಾಡಿಸಿ, "ಇದನ್ನ ಬಿಚ್ಚಬಹುದಲ್ವಾ ಸಾರ್?" ಎಂದ.

ಸರ್ಮೆಂತು ನಿಲುವಂಗಿಯನ್ನು ಅವನ ಕೈಯಿಂದ ಎಳೆದುಕೊಂಡರು. "ಮುಟ್ಟಬೇಡಿ. ಅದು ಸಾಕ್ಷ್ಯ."

ನಿಲುವಂಗಿಗೆ ತಾವೇ ಸೀಲ್ ಹಾಕಿದರು. ಆಮೇಲೆ ಬಂಧನದ ವರದಿಯಲ್ಲಿ ಕಳವಿನ ಉದ್ದೇಶ ಎಂದಿದ್ದ ಕಡೆ ಬರೆದರು: ಅಕ್ಕನ ಮೈಮೇಲಿಂದ ಕಂಡಕಂಡವರ ಕೈ ತೆಗೆಸುವುದು.