ಮಾಸ್ತರು ಇಲ್ಲೇ ಸರ್!

"ಏಯ್! ಕಣ್ಣು ಕಾಣಲ್ವಾ ನಿಮಗೆ?"

ಕಾವ್ಯಶ್ರೀ ನೆಲದ ಮೇಲೆ ಕೂತು ಕೂಗಿದಳು. ಕೂತಿದ್ದಲ್ಲ... ದೊಪ್ಪನೆ ಬಿದ್ದಿದ್ದಳು!

ಬಿ.ಎಡ್. ತರಬೇತಿಗೆಂದು ಮಂಚಿಕೇರಿ ಹತ್ತಿರದ ಆ ಶಾಲೆಗೆ ಬಂದ ಮೊದಲ ದಿನ. ಕಷ್ಟಪಟ್ಟು ಬರೆದಿದ್ದ ಚಾರ್ಟುಗಳೆಲ್ಲ ಮೈದಾನದ ತುಂಬ ಹಾರುತ್ತಿದ್ದವು. ಡಿಕ್ಕಿ ಹೊಡೆದವನು ಎದುರಿಗೇ ನಿಂತಿದ್ದ. ಮಡಚಿದ ಪ್ಯಾಂಟು, ಮೈತುಂಬ ಕೆಂಪು ಮಣ್ಣು.

"ಏಳ್ಮೂರ್ಲೆ ಇಪ್ಪತ್ತೊಂದು!" ಎಂದ.

"ಏನು?!"

"ಏಳ್ನಾಕ್ಲೆ ಇಪ್ಪತ್ತೆಂಟು!"

ಅಯ್ಯೋ ದೇವರೇ, ತಲೆ ಕೆಟ್ಟಿದೆಯಾ ಇವನಿಗೆ?

ಅವನು ಕೈಸನ್ನೆಯಲ್ಲೇ ಕ್ಷಮೆ ಕೇಳುತ್ತಾ ಹಿಂದಕ್ಕೆ ಓಡಿದ. ಗೆರೆ ಮುಟ್ಟಿ "ಏಳ್ಹತ್ಲೆ ಎಪ್ಪತ್ತು!" ಎಂದು ಕಿರುಚಿದ್ದೇ ತಡ, ಹುಡುಗರೆಲ್ಲ ಶಿಳ್ಳೆ ಹೊಡೆದರು. ಆಮೇಲೆ ಏದುಸಿರು ಬಿಡುತ್ತಾ ಬಂದು ಚಾರ್ಟು ಹೆಕ್ಕತೊಡಗಿದ.

"ತಪ್ಪಾತ್ರಿ ಮೇಡಂ! ನಡುವ ಉಸಿರು ಬಿಟ್ರ ನಾ ಔಟ್ ಆಗ್ತಿದ್ದೆ. ಇದು ಮಗ್ಗಿ ಕಬಡ್ಡಿರಿ."

"ಪಾಠ ಬಿಟ್ಟು ಆಟ ಆಡಿಸ್ತಿದ್ದೀರಾ? ಕಂಪ್ಲೇಂಟ್ ಕೊಡ್ತೀನಿ ನೋಡಿ!"

"ಕೊಡ್ರಿ. ಆದ್ರ ಮೊದ್ಲ ಏಳೆಂಟ್ಲೆ ಎಷ್ಟು ಹೇಳ್ರಿ ನೋಡೋಣ?"

ಕಾವ್ಯಶ್ರೀಗೆ ಆ ಗಳಿಗೆಯಲ್ಲಿ ನೆನಪೇ ಆಗಲಿಲ್ಲ. ಹುಡುಗರು ಹೋ ಎಂದು ನಕ್ಕರು. ಅವಳ ಮುಖ ಕೆಂಪಾಯಿತು!

ಅವನ ಹೆಸರು ಉಲ್ಲಾಸ. ಬನವಾಸಿಯವನು. ಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗರಿಗಾಗಿಯೇ ಶಾಲೆಯವರು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದ ಮಾಸ್ತರ. ಲಗೋರಿಯ ಕಲ್ಲಿನಲ್ಲಿ ಬಿಡಿ, ಹತ್ತು, ನೂರು ಕಲಿಸುತ್ತಿದ್ದ. ಕಬಡ್ಡಿ ಕಬಡ್ಡಿ ಎನ್ನುವ ಬದಲು ಮಗ್ಗಿ ಹೇಳಿಸುತ್ತಿದ್ದ.

ಯಲ್ಲಾಪುರದ ಲಾರಿ ಡ್ರೈವರ್ ಶಫಿಯ ಮಗ ಅರ್ಮಾನ್‌ಗೆ ಬೋರ್ಡಿನ ಮುಂದೆ ನಿಂತರೆ ಮಾತೇ ಬರುತ್ತಿರಲಿಲ್ಲ. ಅವನೇ ಒಂದು ದಿನ ಮೈದಾನದಲ್ಲಿ ಒಂದೇ ಉಸಿರಿಗೆ ಏಳರ ಮಗ್ಗಿ ಮುಗಿಸಿ, ಇಬ್ಬರನ್ನು ಔಟ್ ಮಾಡಿ ಬಂದ!

"ಮೇಡಂ, ನಂದು ಆಯ್ತು! ಪೂರಾ ಆಯ್ತು!"

ಅವನಿಗಿಂತ ಜೋರಾಗಿ ಕುಣಿದವಳು ಕಾವ್ಯಶ್ರೀ. ಅಷ್ಟರಲ್ಲಿ ಅವಳೇ ಆ ಆಟದ ಅಂಪೈರ್ ಆಗಿಬಿಟ್ಟಿದ್ದಳು. ಮತ್ತೆ... ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಯಾಕೆ ಅಂತ ಬಿಡಿಸಿ ಹೇಳಬೇಕಾ?

ಹುಲಗೋಳದ ಹವ್ಯಕರ ಮನೆಯ ಹುಡುಗಿಯಾದರೂ ಅವಳು ಶಾಲೆಯಲ್ಲಿ ಮನೆಯ ಮಾತು ಆಡುತ್ತಿರಲಿಲ್ಲ. ಕಾಲೇಜಿನಲ್ಲಿ ಒಮ್ಮೆ 'ನಾನು' ಎನ್ನುವ ಬದಲು 'ಆನು' ಎಂದಿದ್ದಕ್ಕೆ ಗೆಳತಿಯರು ನಕ್ಕಿದ್ದರು. ಅಂದಿನಿಂದ ಬರೀ ಪುಸ್ತಕದ ಕನ್ನಡ. ಆ ಒಂದು ಬಿಂಕವೇ ಎಲ್ಲವನ್ನೂ ಕೆಡಿಸಿತು.

ಆ ಮಧ್ಯಾಹ್ನ ಸ್ಟಾಫ್ ರೂಮಿನ ಫೋನ್ ಹೊಡೆದುಕೊಂಡಿತು. ಎತ್ತಿದವಳು ಅವಳೇ. ಶಾಲೆಯ ಕಾರ್ಯದರ್ಶಿ ಶಾಂತಾರಾಮ ಹೆಗಡೆಯವರು ಶಿರಸಿಯಿಂದ ಮಾಡಿದ್ದರು. ಮಾಸ್ತರು ಪಾಠ ಬಿಟ್ಟು ಹುಡುಗರನ್ನು ಹೊಳೆಗೆ ಕರೆದುಕೊಂಡು ಹೋಗುತ್ತಾರೆಂದು ಯಾರೋ ಅವರಿಗೆ ಚಾಡಿ ಹೇಳಿದ್ದರು.

"ಯಾರು, ಹುಲಗೋಳದ ಕೂಸಾ? ಉಲ್ಲಾಸ ಮಾಸ್ತ್ರು ಶಾಲೆಲ್ಲಿ ಇದ್ವನೇ?"

ಕಿಟಕಿಯಾಚೆ ಉಲ್ಲಾಸ ಲಗೋರಿ ಜೋಡಿಸುತ್ತಿದ್ದ. ಅವನನ್ನು ನೋಡುತ್ತಲೇ ಅವಳೆಂದಳು, "ಇಲ್ಲೇ ಸರ್!"

"ಹುಡ್ರು?"

"ಹುಡುಗರೂ ಇಲ್ಲೇ ಸರ್!"

ಫೋನ್ ಕಟ್ಟಾಯಿತು.

ಮರುದಿನ ಹೆಡ್‌ಮಾಸ್ಟರ್ ಪರಮೇಶ್ವರಪ್ಪನವರು ಇಬ್ಬರನ್ನೂ ಕರೆಸಿದರು.

"ಉಲ್ಲಾಸ, ನಾಳೆಯಿಂದ ನೀವು ಬರೋದು ಬ್ಯಾಡಂತೆ. ನಿನ್ನೆ ನಾನು ಮೀಟಿಂಗಿಗೆ ಹೋಗಿದ್ದೆ. ಮಾಸ್ತ್ರೂ ಇಲ್ಲ, ಹುಡುಗ್ರೂ ಇಲ್ಲ ಅಂತ ಈ ಮೇಡಮ್ಮೇ ಫೋನಲ್ಲಿ ಹೇಳಿದ್ರಂತಲ್ಲ?"

ಕಾವ್ಯಶ್ರೀಗೆ ತಟ್ಟನೆ ಹೊಳೆಯಿತು.

ಇಲ್ಲೇ... ಇಲ್ಲೆ!

ಅವಳು ಹೇಳಿದ್ದು 'ಈ ಜಾಗದಲ್ಲೇ ಇದ್ದಾರೆ' ಎಂದು. ಆದರೆ ಅವಳ ಮನೆಯಲ್ಲೂ ಹೆಗಡೆಯವರ ಮನೆಯಲ್ಲೂ 'ಇಲ್ಲೆ' ಎಂದರೆ 'ಇಲ್ಲ'! ನಮ್ಮ ಕೂಸು ನಮ್ಮ ಮಾತಲ್ಲೇ ಹೇಳಿತು ಎಂದುಕೊಂಡಿದ್ದರು ಅವರು.

ಉಲ್ಲಾಸ ಅವಳತ್ತ ತಿರುಗಿದ. "ಮೊದಲ್ನೇ ದಿನಾನ ಹೇಳಿದ್ರಿ, ಕಂಪ್ಲೇಂಟ್ ಕೊಡ್ತೀನಂತ. ಕೊಟ್ಟಬಿಟ್ರಲ್ಲ ಮೇಡಂ!"

ಹೇಳು ಕಾವ್ಯಾ, ಈಗಲೇ ಹೇಳು!

ಬಾಯಿ ತೆರೆದಳು. ಆದರೆ ತರಬೇತಿಯ ಅಂಕಗಳಿಗೆ ಸಹಿ ಹಾಕುವವರು ಹೆಗಡೆಯವರೇ. ನಿಮ್ಮ ಕಿವಿಗೆ ತಪ್ಪಾಗಿ ಕೇಳಿತು ಎಂದು ಅವರಿಗೆ ಹೇಳುವುದು ಹೇಗೆ? ಫೇಲ್ ಮಾಡಿಬಿಟ್ಟರೆ?

ಅವಳು ನೆಲ ನೋಡಿದಳು. ಉಲ್ಲಾಸ ಸ್ವಲ್ಪ ಹೊತ್ತು ಕಾದ. ಆಮೇಲೆ ಹೊರಟುಹೋದ.

ಅಂದಿನಿಂದ ಲೆಕ್ಕದ ಪಾಠ ಮತ್ತೆ ಬೆಂಚಿಗೆ ಬಂತು. ಕೈಕಟ್ಟಿ ಕೂರುವುದು, ಕಂಠಪಾಠ ಮಾಡುವುದು, ತಪ್ಪಿದವರು ನಿಂತುಕೊಳ್ಳುವುದು. ಅರ್ಮಾನ್ ದಿನವೂ ನಿಂತೇ ಇರುತ್ತಿದ್ದ.

"ಮೇಡಂ, ಆ ಸರ್ ಯಾಕೆ ಬರಲ್ಲ? ನಾವು ಗಲಾಟೆ ಮಾಡಿದ್ದಕ್ಕಾ?" ಎಂದು ಕೇಳಿದ ಒಂದು ದಿನ. "ಇನ್ನು ಮಾಡಲ್ಲ ಅಂತ ಹೇಳ್ತೀರಾ ಅವ್ರಿಗೆ?"

ಚೂರಿಯಲ್ಲಿ ಇರಿದಂತಾಯಿತು! ತಪ್ಪು ನನ್ನದು... ಈ ಪಾಪದ ಹುಡುಗ ಅದನ್ನು ತನ್ನ ಮೇಲೆ ಹಾಕಿಕೊಂಡಿದ್ದಾನೆ!

ಆ ಸಂಜೆ ಅವಳು ಊರಿಗೆ ಹೋಗಲಿಲ್ಲ. ಶಿರಸಿಯಲ್ಲಿ ಇಳಿದವಳೇ ಸೀದಾ ಹೆಗಡೆಯವರ ಮನೆಗೆ ಹೋದಳು. ಚಪ್ಪಲಿ ಬಿಟ್ಟು ಜಗುಲಿ ಹತ್ತಿದಳು. ಬಾಯಿಗೆ ಬಂದದ್ದು ಪುಸ್ತಕದ ಕನ್ನಡವಲ್ಲ.

"ಆನು ಅವತ್ತು ಮಾಸ್ತ್ರು ಇಲ್ಲೆ ಹೇಳಿ ಹೇಳಿದ್ನಿಲ್ಲೆ! ಇಲ್ಲೇ ಇದ್ದ ಹೇಳಿದ್ದು. ಕಿಟಕಿ ಹತ್ರವೇ ಇದ್ದಿದ್ದ, ಹುಡ್ರೂ ಇದ್ದಿದ್ದ."

ಹೆಗಡೆಯವರು ಕನ್ನಡಕ ತೆಗೆದರು. "ಹಂಗಾರೆ ತಪ್ಪು ಎನ್ನ ಕಿವಿದು ಹೇಳಿ ಆತು?"

"ಅಲ್ಲ... ಎನ್ನ ಬಾಯಿದು. ಮರುದಿನವೇ ಗೊತ್ತಾಗಿತ್ತು ಎನಗೆ. ಮಾರ್ಕ್ಸ್ ಹೋಗ್ತು ಹೇಳಿ ಹೆದರಿ ಸುಮ್ಮನಿದ್ದಿ. ಬೇಕಾರೆ ಎನ್ನ ಫೇಲ್ ಮಾಡಿ. ಅವ್ರನ್ನ ವಾಪಸ್ ಕರೀರಿ."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

"ಇಷ್ಟು ದಿನ ಎಂತಕ್ಕೆ ಬೇಕಾತೇ ಕೂಸೇ?" ಎಂದರು ಕೊನೆಗೆ. ಬೈಗುಳಕ್ಕಿಂತ ಹೆಚ್ಚು ಚುಚ್ಚಿತು ಅದು. "ಆನೂ ಒಂದ್ಸಲ ಬಂದು ನೋಡಕಾಗಿತ್ತು. ಸೋಮವಾರ ಬತ್ತೆ. ಆ ಆಟ ಎಂತದು ಹೇಳಿ ನೋಡ್ತೆ. ಮಾಸ್ತ್ರಿಗೆ ಬಪ್ಪಲೆ ಹೇಳು."

ಮರುದಿನವೇ ಅವಳು ಬನವಾಸಿಗೆ ಹೋದಳು. ಉಲ್ಲಾಸ ಅಣ್ಣನ ಜೊತೆ ಅನಾನಸ್ ಗದ್ದೆಯಲ್ಲಿದ್ದ. ಅವಳನ್ನು ಕಂಡು ಕತ್ತಿ ಕೆಳಗಿಟ್ಟ.

"ಏನ್ರಿ ಮೇಡಂ, ಇಲ್ಲೂ ಕಂಪ್ಲೇಂಟ್ ಐತೇನ್ರಿ?"

ಅವಳಿಗೆ ಅಳು ತಡೆಯಲಾಗಲಿಲ್ಲ. ಫೋನಿನ ಮಾತು, ಹೆದರಿಕೆ, ಹೆಗಡೆಯವರ ಜಗುಲಿ... ಎಲ್ಲವನ್ನೂ ಬಿಕ್ಕುತ್ತಲೇ ಹೇಳಿದಳು. ಸೋಮವಾರ ಬರಬೇಕಂತೆ ಎಂದೂ ಹೇಳಿದಳು.

ಉಲ್ಲಾಸ ನಗಲಿಲ್ಲ.

"ಫೋನಿಂದು ಬಿಡ್ರಿ, ಯಾರಿಗಾದ್ರೂ ಆಗೂದ. ಆದ್ರ ಆವತ್ತು ಹೆಡ್‌ಮಾಸ್ತರ ಮುಂದ ನಿಮ್ಮ ಮುಖಾನ ನೋಡ್ಕೋತ ನಿಂತಿದ್ದೆ. ಒಂದ ಮಾತು ಆಡ್ತಾರೇನೋ ಅಂತ. ನೌಕರಿ ಹೋಗಿದ್ದಲ್ರಿ, ನೀವು ಸುಮ್ಮನ ನಿಂತದ್ದು ನೋವಾತು."

"ಗೊತ್ತು... ಅದಕ್ಕೆ ಕ್ಷಮೆ ಕೇಳೋ ಧೈರ್ಯವೂ ಇಲ್ಲ ನಂಗೆ. ಇನ್ನೊಂದು ಮಾತು ಹೇಳಿ ಹೋಗ್ತೀನಿ."

"ಏನ್ರಿ?"

"ನಿಮ್ಮನ್ನ ಕಂಡ್ರೆ ಇಷ್ಟ ನಂಗೆ. ತುಂಬಾ! ಬಾಯಿ ಬಿಡದೇ ಒಂದು ತಪ್ಪು ಮಾಡಿದ್ದು ಸಾಕು. ಇದನ್ನೂ ಒಳಗೇ ಇಟ್ಕೊಳೋಕೆ ಆಗಲ್ಲ."

ಹೇಳಿದ್ದೇ ತಡ, ತಿರುಗಿ ಬದುವಿನ ಮೇಲೆ ಓಡಿದಂತೆ ನಡೆದಳು. ಅನಾನಸ್ ಮುಳ್ಳು ಚೂಡಿದಾರಕ್ಕೆ ಸಿಕ್ಕಿಕೊಂಡಿತು. ಎಳೆದರೂ ಬಿಡಲಿಲ್ಲ. ಥೂ, ಓಡಿ ಹೋಗುವುದಕ್ಕೂ ನನಗೆ ಬರುವುದಿಲ್ಲ!

ಹಿಂದೆ ಹೆಜ್ಜೆ ಸದ್ದು. ಉಲ್ಲಾಸ ಕೂತು, ಬಟ್ಟೆ ಹರಿಯದಂತೆ ಮೆಲ್ಲಗೆ ಮುಳ್ಳು ಬಿಡಿಸಿದ. ಬಿಡಿಸಿದ ಮೇಲೂ ಏಳಲಿಲ್ಲ.

"ಸಿಟ್ಟು ಹೋಯ್ತಾ?" ಎಂದಳು ಪಿಸುದನಿಯಲ್ಲಿ.

"ಇಲ್ರಿ. ಇನ್ನೂ ಭಾಳ ಐತಿ."

"ಹಾಗಾದ್ರೆ ಹೋಗ್ತೀನಿ..."

"ಹೋದ್ರ ಹೆಂಗ್ರಿ? ನೀವು ಹೋದ್ರ ನಾ ಯಾರ ಮ್ಯಾಲ ಸಿಟ್ಟು ಮಾಡ್ಲಿ?"

ಅವಳು ತಲೆ ಎತ್ತಿದಳು. ಅವನ ಕಣ್ಣು ಒದ್ದೆಯಾಗಿತ್ತು. ತುಟಿಯಲ್ಲಿ ಮಾತ್ರ ಸಣ್ಣ ನಗು.

"ಎಷ್ಟು ದಿನ ಇರ್ತು ಈ ಸಿಟ್ಟು?"

"ಹೇಳಾಕ ಬರೂದಿಲ್ರಿ. ಮುದುಕ ಆಗೂತನ ಇದ್ರೂ ಇರಬಹುದು."

ಕಾವ್ಯಶ್ರೀ ಕಣ್ಣೊರೆಸಿಕೊಂಡು ಬದುವಿನ ಮೇಲೆ ಅವನ ಪಕ್ಕದಲ್ಲೇ ಕೂತಳು.

"ಅಡ್ಡಿಲ್ಲೆ," ಎಂದಳು, ಮನೆಯ ಮಾತಲ್ಲೇ. "ಆನು ಕಾಯ್ತೆ."