ಖಾಲಿ ಚೌಕದ ಸಾಕ್ಷಿ

೧೯೯೪ರ ಶ್ರಾವಣ. ಕಮಲಾಪುರದ ಆಚೆಗಿನ ಗುಡ್ಡದ ಉತ್ತರ ಮಗ್ಗುಲನ್ನು ಕಲ್ಲುಗಣಿಗೆ ಕೊಡಬೇಕೋ ಬೇಡವೋ ಎಂದು ಸೋಮವಾರ ಕಲಬುರಗಿಯಲ್ಲಿ ಸಭೆ. ಅಷ್ಟರೊಳಗೆ ಗುಡ್ಡದಲ್ಲಿ ಬೆಳೆಯುವ, ಬೇರು ಔಷಧಿಗಾಗುವ ಸೊಗದೆ ಬಳ್ಳಿಯ ಲೆಕ್ಕ ಸಭೆಯ ಮುಂದಿಡಬೇಕು. ಇವತ್ತಾಗಲೇ ಶನಿವಾರ.

ಸಸ್ಯಶಾಸ್ತ್ರ ಕಲಿಸುವ ಭಾಗೀರಥಿಬಾಯಿಗೆ ಹೋದ ವರ್ಷ ಮುಖಭಂಗವಾಗಿತ್ತು. ದಾರಿ ಬದಿಯ ಗಿಡ ಎಣಿಸಿದರೆ ಗುಡ್ಡ ಎಣಿಸಿದಂತಾಗದು ಎಂದು ಅವಳ ವರದಿ ವಾಪಸು ಬಂದಿತ್ತು. ಈ ಸಲ ಸಂಖ್ಯಾಶಾಸ್ತ್ರದ ಹಮೀದ್ ನಕ್ಷೆಗೆ ಚೌಕುಳಿ ಎಳೆದು, ಚೀಟಿ ಎತ್ತಿ ಇಪ್ಪತ್ತು ಜಾಗ ಆರಿಸಿದ್ದ. ಅವನು ಹೇಳಿದ ಹೆಜ್ಜೆಲೆಕ್ಕದಂತೆ ಗೂಟ ಹೊಡೆದಿಟ್ಟವನು ಮರೆಪ್ಪ. ಆ ಗುಡ್ಡದಲ್ಲೇ ಕುರಿ ಕಾಯ್ದು ಬೆಳೆದ ಮನುಷ್ಯ.

ಬೆಳಗಿನಿಂದ ಗೂಟದ ಸುತ್ತ ಹಗ್ಗದ ಚೌಕ ಹಾಸಿದ್ದೇ ಹಾಸಿದ್ದು, ಎಣಿಸಿದ್ದೇ ಎಣಿಸಿದ್ದು. ಎಲ್ಲ ಕಡೆಯೂ ಸೊಗದೆ! ಭಾಗೀರಥಿಬಾಯಿಯ ಕಾಲು ನೆಲದ ಮೇಲಿರಲಿಲ್ಲ. ಒಂಬತ್ತನೆಯ ಚೌಕಕ್ಕೆ ಹಮೀದ್ ತಲೆ ಕೆರೆದುಕೊಂಡ.

"ಮೇಡಂ, ಒಂದೂ ಖಾಲಿ ಇಲ್ಲ. ಖರೇ ಲೆಕ್ಕ ಇಷ್ಟು ಚೆಂದ ಬರಂಗಿಲ್ರೀ."

ಇಬ್ಬರೂ ಮರೆಪ್ಪನ ಕಡೆ ತಿರುಗಿದರು. ಅವನು ಮುಚ್ಚಿಡಲಿಲ್ಲ. ಚೀಟಿಯ ಜಾಗ ಬೋಳಾಗಿದ್ದರೆ ಗೂಟವನ್ನು ಬಳ್ಳಿಯಿದ್ದ ಕಡೆಗೆ ಸರಿಸಿದ್ದನಂತೆ.

"ಅಷ್ಟು ದೂರದಿಂದ ಬಂದೀರಿ ಅಕ್ಕೋರ. ಬೀಗರಿಗೆ ಖಾಲಿ ಎಲಿ ಹಾಸ್ತಾರೇನ್ರಿ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭಾಗೀರಥಿಬಾಯಿ ಬರೆದ ಹಾಳೆಗಳನ್ನು ಪರಪರ ಹರಿದಳು. ನೆತ್ತಿಯ ಮೇಲೆ ಸೂರ್ಯ. ಆರೂವರೆಗೆ ಕಡೆಯ ಬಸ್ಸು.

ಮತ್ತೆ ಮೊದಲಿನಿಂದ! ಈಗ ಹಮೀದ್ ಹೆಜ್ಜೆ ಅಳೆದ, ಮರೆಪ್ಪ ಮುಳ್ಳು ಕಡಿದು ದಾರಿ ಮಾಡಿದ. ಮಳೆ ಕುಡಿದ ಕೆಂಪು ಕಲ್ಲಿನ ಗುಡ್ಡ ಮೈತುಂಬ ಹಸಿರು ಹೊದ್ದಿತ್ತು; ಕೆಳಗೆ ಬಾಳೆಯ ತೋಟಗಳು, ಮಹಾಗಾಂವದ ಕಡೆಗೆ ಹಬ್ಬಿದ ತೊಗರಿ ಹೊಲಗಳು. ನೋಡಲು ಪುರುಸೊತ್ತಿರಲಿಲ್ಲ. ಐದು ಗಂಟೆಗೆ ಹತ್ತೊಂಬತ್ತು ಮುಗಿದವು.

ಇಪ್ಪತ್ತನೆಯದು ದಕ್ಷಿಣದ ಕೊರಕಲಿನಲ್ಲಿ ಬಿತ್ತು. ಮೂರಾಳು ಕೆಳಗೊಂದು ಕಲ್ಲುಹಾಸು, ಅದರ ಪಕ್ಕದಲ್ಲೇ ಹೆಜ್ಜೇನು.

"ಅಲ್ಲಿ ಬರೇ ಕಲ್ಲು ಇರ್ತದ. ಸೊನ್ನೆ ಬರೀರಿ ಮೇಡಂ," ಎಂದ ಹಮೀದ್.

"ನೋಡದ ಸೊನ್ನೆ ಬರದ್ರ ನಾವೂ ಗೂಟ ಸರಿಸಿದಂಗ ಆಗ್ತದಪಾ."

ಸೀರೆ ಕಚ್ಚೆ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೇಬಿಟ್ಟಳು.

ಕಾಲ ಕೆಳಗಿನ ಕಲ್ಲು ಜಾರಿತು. ಮೇಲೆ ಇಬ್ಬರೂ ಹಿಡಿದಿದ್ದ ಹಗ್ಗ ಬಿಗಿಯಿತು. ಜೇನುಹುಟ್ಟು ಒಮ್ಮೆ ಗುಂಯ್ ಎಂದಿತು.

"ಅಲುಗಬ್ಯಾಡ್ರಿ," ಮರೆಪ್ಪ ಮೇಲಿನಿಂದ ಪಿಸುಗುಟ್ಟಿದ.

ಉಸಿರು ಹಿಡಿದು ನಿಂತಳು. ಒಂದು ಹುಳು ಕಿವಿಯ ಮೇಲೆ ಹರಿದಾಡಿ ಹಾರಿಹೋಯಿತು. ಸದ್ದು ತಗ್ಗಿದ ಮೇಲೆ ಮೆಲ್ಲಗೆ ಚೌಕ ಹಾಸಿ, ಬಿರುಕು ಬಿರುಕನ್ನೂ ನೋಡಿದಳು. ಒಂದು ಎಲೆಯೂ ಇಲ್ಲ. ಸೊನ್ನೆಯನ್ನು ದುಂಡಗೆ ಬರೆದು, ಎಳೆಯಿರಿ ಎಂದು ಹಗ್ಗ ಜಗ್ಗಿದಳು.

ಬಸ್ಸು ಸಿಕ್ಕಿದ್ದೇ ಪುಣ್ಯ. ಮರೆಪ್ಪ ಕೆಂಪು ಬಾಳೆಹಣ್ಣು ಹಿಡಿದು ಕಿಟಕಿಯ ಹತ್ತಿರ ನಿಂತಿದ್ದ. ಒಳಗೆ ಹಮೀದ್ ಕೂಡಿಸಿ ಕಳೆದು ಒಮ್ಮೆಲೇ ಎದ್ದು ನಿಂತ. ಇಪ್ಪತ್ತರಲ್ಲಿ ಬಳ್ಳಿ ಇದ್ದದ್ದು ಏಳೇ ಚೌಕದಲ್ಲಿ. ಏಳೂ ಕಲ್ಲುಗಣಿಗೆ ಕೇಳಿದ ಉತ್ತರ ಮಗ್ಗುಲಿನವು!

ಭಾಗೀರಥಿಬಾಯಿಗೆ ಹಿಗ್ಗು ತಡೆಯಲಾಗಲಿಲ್ಲ. ಎಲ್ಲ ಕಡೆ ಬಳ್ಳಿ ಇದೆ ಎಂದಿದ್ದರೆ, ಒಂದು ಮಗ್ಗುಲು ಹೋದರೇನು ಎಂದು ಸಭೆ ಕೈ ತೊಳೆದುಕೊಳ್ಳುತ್ತಿತ್ತು ಎಂದು ಮರೆಪ್ಪನಿಗೆ ಬಿಡಿಸಿ ಹೇಳಿದಳು.

ಬಸ್ಸು ಹೊರಟಿತು. ಮರೆಪ್ಪ ಜೊತೆಗೆ ನಾಲ್ಕು ಹೆಜ್ಜೆ ಓಡಿ ಹಣ್ಣು ಒಳಗೆ ತುರುಕಿದ.

"ಅಕ್ಕೋರ, ಸಭಾದಾಗ ಆ ಸೊನ್ನಿ ಮೊದಲ ಓದ್ರಿ!"