ಪಕ್ಕದ ಮೇಜಿನವನು

ಪುಸ್ತಕ ಮೇಳದ ಮೊದಲ ದಿನ ಮಧ್ಯಾಹ್ನದವರೆಗೂ ಅವಳ ಮೇಜಿನ ಹತ್ತಿರ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

ಕಾರಣ ಪಕ್ಕದ ಮೇಜು. ಅಲ್ಲಿ ಪೊಲೀಸರಿದ್ದರು. ಜನರಿಗೆ ಓದು ಕಲಿಸಬೇಕು, ಅದರ ಜೊತೆಗೇ ಮೋಸ, ಕಳ್ಳತನಗಳ ಬಗ್ಗೆ ಎಚ್ಚರಿಸಬೇಕು ಎಂದು ನಡೆಸಿದ ಮೇಳ ಅದು. ಸುತ್ತಲಿನ ಊರುಗಳ ಹನ್ನೆರಡು ಜನ ಲೇಖಕರನ್ನು ಕರೆದು, ಒಳಾಂಗಣ ಕ್ರೀಡಾಂಗಣದಲ್ಲಿ, ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಬಿಳಿ ಗೆರೆಗಳ ಮೇಲೇ ಮೇಜು ಹಾಕಿ ಕೂರಿಸಿದ್ದರು. ಪ್ರವಾಸಕಥನ ಬರೆಯುವ ಹಿರಿಯರೊಬ್ಬರು, ಸ್ನೇಹಿತರ ಬಾಯಲ್ಲಿ 'ಮೈಕಾಸುರ', ಬೆಳಿಗ್ಗೆಯೇ ಬಂದು ಬಾಗಿಲ ಪಕ್ಕದ ಜಾಗ ಹಿಡಿದಿದ್ದರು. ಬಸ್ಸು ತಡವಾಗಿ ಬಂದ ಅವಳ ಪಾಲಿಗೆ ಉಳಿದದ್ದು ಈ ಮೂಲೆ.

ಕೊನೆಗೂ ಒಬ್ಬ ಅಜ್ಜಿ ಬಂದಳು. ಪುಸ್ತಕ ಮುಟ್ಟಲಿಲ್ಲ. ಮೇಜಿನ ಮೇಲೆ ಬಾಗಿ, ಪೊಲೀಸಿನವನಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು. "ಏನು ಮಾಡಿಕೊಂಡೆ ಮಗಳೇ? ನೋಡಿದ್ರೆ ಒಳ್ಳೆ ಮನೆಯವಳ ಥರ ಕಾಣ್ತೀಯ."

ಕೇಳಿಸಿಯೇಬಿಟ್ಟಿತ್ತು. ಪಕ್ಕದ ಮೇಜಿನ ಸಬ್‌ಇನ್ಸ್‌ಪೆಕ್ಟರ್ ತುಟಿ ಬಿಗಿಹಿಡಿದು ಕರಪತ್ರ ಜೋಡಿಸತೊಡಗಿದ. ನಗು ಮಾತ್ರ ಕಣ್ಣಿನಲ್ಲಿ ಸಿಕ್ಕಿಬಿತ್ತು. ನಲವತ್ತು ದಾಟಿದ ಮುಖ, ಕಿವಿಯ ಪಕ್ಕ ನರೆ, ದೊಡ್ಡ ಕೈಗಳು.

"ಅಜ್ಜಿ, ಅವರನ್ನ ನಾನು ಹಿಡಿದಿಲ್ಲ. ಅವರು ಲೇಖಕಿ," ಎಂದ. ಅದಕ್ಕೆ ಅವಳು ನಕ್ಕುಬಿಟ್ಟಳು.

ಅಜ್ಜಿಗೆ ಧೈರ್ಯ ಬಂತು. ಸೆರಗಿನ ಗಂಟಿನಿಂದ ಮಡಚಿದ ಕಾಗದವೊಂದನ್ನು ತೆಗೆದಳು. ತಾನಿರುವ ಕೋಣೆಯ ಮಾಲೀಕ ಹೆಬ್ಬೆಟ್ಟು ಒತ್ತಲು ಹೇಳಿದ್ದಾನಂತೆ, ಅದರಲ್ಲಿ ಏನಿದೆಯೋ ತನಗೆ ಗೊತ್ತಿಲ್ಲವಂತೆ. ಸಬ್‌ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಅಜ್ಜಿಯ ಪಕ್ಕ ಕೂತ. ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದ. ಕೊನೆಯಲ್ಲಿದ್ದ ಇರುವೆಯಂಥ ಅಕ್ಷರಗಳನ್ನೂ ಬಿಡಲಿಲ್ಲ. ಓದಿದ್ದನ್ನು ಅವಳ ಬಾಯಿಂದ ಮತ್ತೊಮ್ಮೆ ಹೇಳಿಸಿದ. ತಿಂಗಳೊಳಗೆ ಕೋಣೆ ಬಿಡಲು ಒಪ್ಪಿದ್ದೇನೆ ಎಂಬ ಸಾಲು ಬಂದಾಗ ನಿಲ್ಲಿಸಿ, ಇದನ್ನು ಒಪ್ಪಿದ್ದೀರಾ ಎಂದು ಕೇಳಿದ.

ಅದನ್ನು ನೋಡುತ್ತಿದ್ದ ಲೇಖಕಿಗೆ ಅಪ್ಪ ನೆನಪಾದ.

ಅವಳ ಅಪ್ಪ ವಾಚ್ ರಿಪೇರಿಯವನು. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಹಿಡಿದು ಕೂರಿಸಬಲ್ಲವನಿಗೆ ಅಕ್ಷರ ಬರುತ್ತಿರಲಿಲ್ಲ. ಬಾಡಿಗೆ ಕರಾರು ಎಂದು ನಂಬಿಸಿ ವ್ಯಾಪಾರದ ಜೊತೆಗಾರ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ, ಅಂಗಡಿಯನ್ನೇ ಬಿಟ್ಟುಕೊಡುವ ಪತ್ರವಾಗಿತ್ತು. ಹದಿನೈದು ವರ್ಷದ ಮಗಳ ಕೈಹಿಡಿದು ಅಪ್ಪ ಠಾಣೆಗೆ ಹೋದ. ಕೌಂಟರಿನಲ್ಲಿದ್ದ ಹುಡುಗವಯಸ್ಸಿನ ಪೊಲೀಸ್ ತಲೆಯೆತ್ತದೆ "ನಾಳೆ ಬನ್ನಿ" ಎಂದ. ಅಪ್ಪ ಹೋಗುತ್ತಲೇ ಇದ್ದ. ದೂರು ಯಾರೂ ಬರೆದುಕೊಳ್ಳಲಿಲ್ಲ. ಎರಡು ವರ್ಷ ಯಾರದೋ ಮಳಿಗೆಯ ಮೆಟ್ಟಿಲ ಮೇಲೆ ಕೂತು ವಾಚ್ ರಿಪೇರಿ ಮಾಡಿ, ಒಂದು ಬೆಳಿಗ್ಗೆ ಅಲ್ಲೇ ಕುಸಿದು ಸತ್ತ. ಆ ಕಥೆಯೇ ಅವಳ ಪುಸ್ತಕ. ಉಳಿದಂತೆ ಅವಳು ಮುದ್ರಣಾಲಯವೊಂದರಲ್ಲಿ ಪ್ರೂಫ್ ನೋಡುವವಳು. ಅಮ್ಮನ ಜೊತೆ ವಾಸ, ವಯಸ್ಸು ಮೂವತ್ತಾರು. ಎರಡು ಸಲ ಬಂದು ಹೋದ ಮದುವೆಯ ಮಾತನ್ನು ಮೂರನೆಯ ಸಲ ಯಾರೂ ಎತ್ತಿರಲಿಲ್ಲ.

ಎರಡನೆಯ ದಿನ ಅವನು ಯೂನಿಫಾರ್ಮಿಲ್ಲದೆ, ತಿಳಿನೀಲಿ ಶರ್ಟಿನಲ್ಲಿ ಬಂದ. ತನ್ನನ್ನು ಕಂಡು ಅವಳ ಓದುಗರು ಓಡಿಹೋಗುವುದು ಬೇಡ ಎಂದು ಮೇಲಿನವರ ಅನುಮತಿ ಕೇಳಿ ಹೀಗೆ ಬಂದನಂತೆ.

"ಹೀಗೆ ಬಂದ್ರೆ ಕಳ್ಳರಿಗೆ ನೀವು ಯಾರಂತ ಗೊತ್ತಾಗಬೇಕಲ್ಲ?" ಎಂದಳು.

"ಅವರಿಗೆ ಗೊತ್ತಾಗುತ್ತೆ. ಒಳ್ಳೆಯವರಿಗೇ ಕಷ್ಟ."

ಅವತ್ತು ಜನ ಬಂದರು. ನಡುನಡುವೆ ಬಿಡುವಾದಾಗ ಅವನು ಎರಡು ಲೋಟ ಟೀ ಹಿಡಿದು ಬರುತ್ತಿದ್ದ. ಲೋಟ ಕೊಡುವಾಗ ಬೆರಳು ತಾಕದ ಹಾಗೆ ಅವನು ತೋರುವ ಎಚ್ಚರ ಕಂಡು ಅವಳಿಗೆ ನಗು ಬಂತು, ಆಮೇಲೆ ಯಾಕೋ ಬೇಜಾರೂ ಆಯಿತು. ಮಾತಿನಲ್ಲಿ ಮಾತು ಬಂದು, ತನ್ನ ಮದುವೆ ಮುರಿದು ಎಂಟು ವರ್ಷವಾಯಿತೆಂದೂ ತಪ್ಪು ಬಹುಪಾಲು ತನ್ನದೇ ಎಂದೂ ಹೇಳಿದ. ಬಿಡುವಿದ್ದ ಸಂಜೆ ಠಾಣೆಯ ಹಿಂದಿನ ಕೋಣೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಾನಂತೆ. ಅವನ ಮೇಜಿನ ಮೇಲೆ ಕರಪತ್ರಗಳ ಅಡಿಯಲ್ಲಿ ಅವಳ ಪುಸ್ತಕವಿತ್ತು. ರಟ್ಟಿಗೆ ಟೇಪು ಹಚ್ಚಿದ, ಮೂಲೆಗಳೆಲ್ಲ ಮೆತ್ತಗಾದ ಹಳೆಯ ಪ್ರತಿ. ಎಷ್ಟು ಸಲ ಓದಿದಿರಿ ಎಂದು ಕೇಳಿದಳು. ಅವನು ಸುಮ್ಮನೆ ಅವಳ ಮುಖ ನೋಡಿದ, ಮರುಕ್ಷಣ ನೆಲದ ಬಿಳಿ ಗೆರೆಯನ್ನು ನೋಡಿದ. ಆ ಒಂದು ನೋಟಕ್ಕೆ ಅವಳು ಆರಿದ ಮೊಬೈಲಿನ ಕಪ್ಪು ಗಾಜಿನಲ್ಲಿ ತನ್ನ ಕೂದಲು ಸರಿಮಾಡಿಕೊಂಡಳು. ಯಾವ ಕಾಲವಾಗಿತ್ತೋ ಹಾಗೆ ಮಾಡಿಕೊಂಡು.

ಸಂಜೆ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತ, ನಾಳೆ ಮೂರನೆಯ ಅಧ್ಯಾಯ ಓದುತ್ತೇನೆ, ಮುಂದಿನ ಸಾಲಿನಲ್ಲೇ ಕೂರಬೇಕು ಎಂದು ಅವನಿಗೆ ಹೇಳಿದಳು.

ಅವನು ಕರಪತ್ರಗಳ ಅಡಿಯಿಂದ ಆ ಹಳೆಯ ಪ್ರತಿ ಎಳೆದ. ಪುಸ್ತಕ ತೆರೆದು, ಅಪ್ಪ ಮೊದಲ ಸಲ ಠಾಣೆಗೆ ಹೋಗುವ ಪುಟ ಅವಳ ಮುಂದಿಟ್ಟ.

"ಮೇಡಂ, ಈ ಪೊಲೀಸ್ ನಾನೇ."

ಅವಳಿಗೆ ಅರ್ಥವಾಗಲಿಲ್ಲ. ಅವನು ನಿಂತೇ ಹೇಳಿದ. ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಆ ಜೊತೆಗಾರ ಸಾಹೇಬರಿಗೆ ಬೇಕಾದವನು, ದೂರು ಬರೆದುಕೊಳ್ಳಬೇಡ ಎಂದು ಮೇಲಿನವರು ಹೇಳಿದ್ದರು. ಮೋಸವಾಗಿದೆ ಎಂದು ಕಾಗದ ನೋಡಿದ ಕೂಡಲೇ ತನಗೆ ಗೊತ್ತಾಗಿತ್ತು.

"ಗೊತ್ತಿದ್ದೂ ಬರೆದುಕೊಳ್ಳಲಿಲ್ಲ. ಹೆದರಿದೆ, ಅಷ್ಟೇ. ಬೇರೆ ಕಾರಣ ಹುಡುಕಿ ನೋಡಿದೀನಿ, ಇಲ್ಲ. ಮೇಳಕ್ಕೆ ಬರೋ ಲೇಖಕರ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ ಈ ಡ್ಯೂಟಿ ನಾನೇ ಕೇಳಿ ಹಾಕಿಸಿಕೊಂಡೆ. ಮೊದಲ ದಿನವೇ ಹೇಳಬೇಕಿತ್ತು."

"ಯಾಕೆ ಹೇಳಲಿಲ್ಲ?"

"ನೀವು ನಕ್ಕಿರಿ," ಎಂದ ಅವನು. "ಇನ್ನೊಂದು ಸಲ ನಗಲಿ ಅಂತ ಕಾದೆ. ಅದೂ ತಪ್ಪೇ."

ಅವಳು ಪೆಟ್ಟಿಗೆ ಮುಚ್ಚಿದಳು. ಎತ್ತಿಕೊಂಡು ಹೊರಟುಹೋದಳು. ಬಸ್ಸಿನಲ್ಲಿ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು, ಇಪ್ಪತ್ತೊಂದು ವರ್ಷ ದ್ವೇಷಿಸಿದ ಮುಖವಿಲ್ಲದ ಮನುಷ್ಯನಿಗೆ ಆ ತಿಳಿನೀಲಿ ಶರ್ಟನ್ನು ತೊಡಿಸಿ ನೋಡಿದಳು. ಹೊಂದಲಿಲ್ಲ. ಸಿಟ್ಟು ಬಂದದ್ದು ಅವನ ಮೇಲೋ, ನಿನ್ನೆಯಿಂದ ಹಗುರಾಗಿದ್ದ ತನ್ನ ಎದೆಯ ಮೇಲೋ ತಿಳಿಯಲಿಲ್ಲ.

ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಮಗಳು ಅಳುತ್ತ ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನೀನು ಕಂಡುಹಿಡಿದೆಯೋ, ಅವನೇ ಹೇಳಿದನೋ?"

"ಅವರೇ ಹೇಳಿದ್ರು."

"ಹೇಳದೇ ಇದ್ದಿದ್ರೆ ಗೊತ್ತಾಗ್ತಿತ್ತಾ?"

"ಇಲ್ಲಮ್ಮ."

ಅಮ್ಮ ಕೊನೆಯ ಕಾಯಿಯ ನಾರು ತೆಗೆದು ತಟ್ಟೆ ಪಕ್ಕಕ್ಕಿಟ್ಟಳು. ಆಮೇಲೆ ಮಗಳ ಮುಖವನ್ನೇ ದಿಟ್ಟಿಸಿ, "ಬರೀ ಸಿಟ್ಟಾದ್ರೆ ನೀನು ಹೀಗೆ ಅಳೋಳಲ್ಲ ಪುಟ್ಟಿ," ಎಂದಳು. "ಅವನನ್ನ ಕರ್ಕೊಂಡು ಬಾ. ನಾನು ನೋಡಬೇಕು."

ಮೂರನೆಯ ದಿನ ಅವನು ಮತ್ತೆ ಯೂನಿಫಾರ್ಮಿನಲ್ಲಿದ್ದ. ಮುಂದಿನ ಸಾಲಿನಲ್ಲಿ ಕೂರಲಿಲ್ಲ, ಹಾಲ್‌ನ ಹಿಂದಿನ ಗೋಡೆಯ ಹತ್ತಿರ ನೆಟ್ಟಗೆ ನಿಂತಿದ್ದ. ಅವಳು ಮೂರನೆಯ ಅಧ್ಯಾಯವನ್ನೇ ಓದಿದಳು, ಒಂದು ಅಕ್ಷರ ಬಿಡಲಿಲ್ಲ. ಠಾಣೆಯ ಪುಟ ಬಂದಾಗ ದನಿ ನಡುಗಿತು, ನೀರು ಕುಡಿದು ಮುಂದುವರಿಸಿದಳು. ಮೈಕಾಸುರರು ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಪ್ರಶ್ನೆಗಳ ಸಮಯದಲ್ಲಿ ಆ ಅಜ್ಜಿಯೇ ಕೈಯೆತ್ತಿದಳು. ಆ ಪೊಲೀಸಿನವನು ಏನಾದ, ಅವನಿಗೆ ಶಿಕ್ಷೆ ಆಗಲಿಲ್ಲವೇ ಎಂದು ಕೇಳಿದಳು.

ಹಿಂದಿನ ಗೋಡೆಯ ಬಳಿ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಆಗ ಅವಳಿಗೆ ಹೊಳೆಯಿತು, ಇವತ್ತು ಯೂನಿಫಾರ್ಮ್ ಹಾಕಿದ್ದು ಯಾಕೆಂದು. ತಾನು ಅವನತ್ತ ಬೆರಳು ತೋರಿಸಿದರೆ ಯಾರಿಗೂ ಅನುಮಾನ ಉಳಿಯಬಾರದು ಎಂದು. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು.

"ಬದುಕಿದಾರೆ," ಎಂದಳು. "ಮರೆತಿಲ್ಲ." ಮೈಕನ್ನು ಪಕ್ಕದವರಿಗೆ ಕೊಟ್ಟು ಕೂತಳು.

ಮೇಳ ಮುಗಿದು ಮೇಜುಗಳನ್ನು ಎತ್ತುವಾಗ ಅವನ ಬಳಿ ಹೋಗಿ, ಭಾನುವಾರ ಮನೆಗೆ ಬರಬೇಕು, ಅಮ್ಮ ಕರೆದಿದ್ದಾಳೆ ಎಂದು ಮಾತ್ರ ಹೇಳಿದಳು.

ಅವನು ಬಂದ. ಅಮ್ಮ ಕುರ್ಚಿ ತೋರಿಸಿ, ಮೊದಲಿನಿಂದ ಹೇಳು ಎಂದಳು. ಹೇಳಿದ. ಎಲ್ಲವೂ ಮುಗಿದ ಮೇಲೆ ಅಮ್ಮ ಒಂದೇ ಒಂದು ಪ್ರಶ್ನೆ ಕೇಳಿದಳು. ಕೊನೆಯ ಸಲ ಅವರು ಒಬ್ಬರೇ ಬಂದು ಹೊರಡುವಾಗ ಏನಾದರೂ ಅಂದರೇ?

ಅವನು ಮಣಿಕಟ್ಟು ಮುಟ್ಟಿಕೊಂಡ. "ನನ್ನ ಕೈಗಡಿಯಾರ ನೋಡಿದ್ರು. ಐದು ನಿಮಿಷ ಹಿಂದೆ ಇದೆ ತಮ್ಮಾ, ಬಿಡುವಾದಾಗ ತಗೊಂಡು ಬಾ, ಸರಿಮಾಡಿಕೊಡ್ತೀನಿ ಅಂದ್ರು. ನಾನು ಹೋಗಲಿಲ್ಲಮ್ಮ. ಯಾವ ಮುಖ ಇಟ್ಕೊಂಡು ಹೋಗ್ಲಿ?"

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. "ಅವರೇ," ಎಂದಳು. "ಅವರೇ ಹೌದು." ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಅಪ್ಪನ ಈ ಮಾತು ಗೊತ್ತೇ ಇರಲಿಲ್ಲ. ಅಷ್ಟೆಲ್ಲ ಬರೆದ ಪುಸ್ತಕದಲ್ಲಿ ಇದೊಂದು ಸಾಲು ಇರಲಿಲ್ಲ. ಇಷ್ಟು ವರ್ಷ ಅದನ್ನು ಕಾಪಾಡಿಕೊಂಡು ಬಂದವನು ಇವನು.

ಅಮ್ಮ ಎದ್ದು ತಟ್ಟೆ ಹಾಕಿದಳು. ಊಟ ಮಾಡಿ ಹೋಗು ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಅವನೂ ಕೇಳಲಿಲ್ಲ.

ಆಮೇಲೆ ಭಾನುವಾರಗಳು ಒಂದಾದ ಮೇಲೊಂದು ಬಂದವು. ಅಮ್ಮ ಅವನಿಂದ ಅಕ್ಷರ ಕಲಿಯಲು ಕೂತಳು, ಮಗಳಿಗೆ ತಾಳ್ಮೆಯಿಲ್ಲ ಎಂದು ದೂರುತ್ತ. ಅವಳು ಪ್ರೂಫ್ ಕಟ್ಟನ್ನು ಮುಂದಿಟ್ಟುಕೊಂಡು ಅದೇ ಕೋಣೆಯಲ್ಲಿ ಕೂರುತ್ತಿದ್ದಳು. ತಲೆಯೆತ್ತಿದಾಗಲೆಲ್ಲ ಅವನು ಆಗಷ್ಟೇ ಕಣ್ಣು ತಗ್ಗಿಸಿರುತ್ತಿದ್ದ. ಇಬ್ಬರೂ ಅದರ ಮಾತೆತ್ತಲಿಲ್ಲ. ನಾಲ್ಕನೆಯ ತಿಂಗಳು ಅವನಿಗೆ ವರ್ಗಾವಣೆಯಾಯಿತು, ಆರು ಗಂಟೆ ಪ್ರಯಾಣದ ಊರಿಗೆ.

ಕೊನೆಯ ಭಾನುವಾರ ಅವಳು ಬಸ್ ಸ್ಟಾಪಿನವರೆಗೂ ಜೊತೆಗೆ ನಡೆದಳು. ಬಿಸಿಲು ಇಳಿಯುತ್ತಿತ್ತು. ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ.

"ನಾನು ಏನೂ ಕೇಳೋಕಾಗಲ್ಲ," ಎಂದ. "ಕೇಳೋ ಹಕ್ಕು ನನಗಿಲ್ಲ."

"ಗೊತ್ತು. ಅದಕ್ಕೇ ನಾನು ಹೇಳ್ತೀನಿ, ನೀವು ಕೇಳಿಸಿಕೊಳ್ಳಿ." ಅವಳ ದನಿ ಸಣ್ಣದಾಗಿತ್ತು, ಆದರೆ ನಡುಗುತ್ತಿರಲಿಲ್ಲ. "ಅಪ್ಪನ ಪಾಲಿನದನ್ನ ನಾನು ಕ್ಷಮಿಸೋಕೆ ಬರಲ್ಲ. ಅದು ಅವರ ಜೊತೆಗೇ ಹೋಯ್ತು. ಅದನ್ನ ನೀವು ಹೊತ್ತುಕೊಂಡೇ ಇರಬೇಕು. ನನ್ನ ಪಾಲಿನದು ಮಾತ್ರ ನನ್ನ ಕೈಯಲ್ಲಿದೆ."

ಅವನು ತಲೆಯೆತ್ತಿ ನೋಡಿದ.

"ನನ್ನ ಪಾಲಿಗೆ ನೀವು ಬೇಕು," ಎಂದಳು.

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಡ್ರೈವರ್ ಒಂದು ಕ್ಷಣ ಕಾದು, ಹತ್ತುವವರು ಯಾರೂ ಇಲ್ಲವೆಂದುಕೊಂಡು ಬಾಗಿಲು ಮುಚ್ಚಿಕೊಂಡು ಹೊರಟುಹೋದ. ಅವನು ಎರಡೂ ಕೈಗಳಿಂದ ಅವಳ ಕೈ ಹಿಡಿದು, ಹಣೆಗೆ ಒತ್ತಿಕೊಂಡು ನಿಂತಿದ್ದ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.